ಆಯಿ ಕೇಳಿದ ಆ ಆಮೆ

ಆಯಿ ಹೊನ್ನಾವರದವಳು. ಕಾಸರಕೋಡಿನ ಮರಳಲ್ಲಿ ಕಡಲಾಮೆ ಮೊಟ್ಟೆ ಇಡುವುದನ್ನು ಚಿಕ್ಕಂದಿನಿಂದ ನೋಡಿದವಳು. ಅದಕ್ಕೇ ಅವಳು ಫ್ಲಾರಿಡಾಕ್ಕೆ ಬಂದಾಗ, ಕೀ ವೆಸ್ಟ್‌ಗೆ ಹೋಗುವ ದಾರಿಯಲ್ಲಿ ಮ್ಯಾರಥಾನ್ ಎಂಬ ಊರಲ್ಲಿ ಕಾರು ನಿಲ್ಲಿಸಿದೆ. ಅಲ್ಲಿನ ಟರ್ಟಲ್ ಹಾಸ್ಪಿಟಲ್ 1986ರಿಂದ ಇದೆ. ಆಮೆಗಳಿಗೇ ಅಂತ ಆಂಬುಲೆನ್ಸೂ ಇದೆ!

ಮೊದಲು ಕಂಡದ್ದು ದೋಣಿ ಬಡಿದು ಚಿಪ್ಪು ಒಡೆದ ಆಮೆಗಳು. ಅವುಗಳಿಂದ ದೂರ, ಬೇರೆಯಾಗಿಟ್ಟ ತೊಟ್ಟಿಯಲ್ಲಿ ‘ಹಸಿರು ಆಮೆ’ ಎಂಬ ಜಾತಿಯ ಒಂದು ಎಳೆಯ ಆಮೆ. ಕುತ್ತಿಗೆ, ಮುಂಗಾಲು, ಬಾಲದ ಹತ್ತಿರ ಎಲ್ಲ ಹೂಕೋಸಿನಂಥ ಗಡ್ಡೆಗಳು. ಎರಡೂ ಕಣ್ಣು ಗಡ್ಡೆಯೊಳಗೆ ಹೂತುಹೋಗಿದ್ದವು. ಈಜುತ್ತ ಬಂದು ಗೋಡೆಗೆ ಢಿಕ್ಕಿ ಹೊಡೆಯಿತು.

"ಇದು ಕ್ಯಾನ್ಸರಾ ತಮಾ?" ಆಯಿ ನನ್ನ ಕೈ ಹಿಡಿದುಕೊಂಡಳು.

ಅಲ್ಲ, ಫೈಬ್ರೊಪ್ಯಾಪಿಲೊಮಟೋಸಿಸ್. ಹರ್ಪಿಸ್ ಜಾತಿಯ ವೈರಸ್ ಜೊತೆ ನಂಟಿರುವ ರೋಗ. 1938ರಲ್ಲೇ ಇದರ ಬಗ್ಗೆ ವಿಜ್ಞಾನಿಗಳು ಬರೆದಿದ್ದಾರೆ. ಗಡ್ಡೆ ತಾನಾಗಿ ಕೊಲ್ಲುವುದು ಕಡಿಮೆ. ಕಣ್ಣು ಮುಚ್ಚಿದರೆ ಹುಲ್ಲು ಕಾಣುವುದಿಲ್ಲ, ಆಮೆ ಹಸಿವಿನಿಂದ ಸೊರಗುತ್ತದೆ. ಆಳ ಸಮುದ್ರದಲ್ಲಿ ಬೆಳೆದ ಮರಿಗಳು ಕಡಲ ಹುಲ್ಲು ಮೇಯಲು ದಡದ ಹತ್ತಿರ ಬರುತ್ತವಲ್ಲ, ಆಗಲೇ ಜಾಸ್ತಿ ಕಾಣಿಸಿಕೊಳ್ಳುವುದು. ಫ್ಲಾರಿಡಾದ ಇಂಡಿಯನ್ ರಿವರ್ ಲಗೂನ್ ಎಂಬ ಹಿನ್ನೀರಿನಲ್ಲಿ ಎಳೆಯ ಹಸಿರು ಆಮೆಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಗಡ್ಡೆ ಇದೆ. ವೈರಸ್ ಒಂದೇ ಸಾಲದು, ಕೆಟ್ಟ ನೀರೂ ಸೇರಿದಾಗ ರೋಗ ಎದ್ದು ಬರುತ್ತದೆ ಅಂತ ಅನೇಕ ವಿಜ್ಞಾನಿಗಳ ಅನುಮಾನ. ನಮ್ಮ ಹೊಲದ ಗೊಬ್ಬರ, ನಮ್ಮ ಚರಂಡಿ ಎಲ್ಲ ಕೊನೆಗೆ ಸೇರುವುದು ಅಲ್ಲಿಗೇ ಅಲ್ವಾ? ನನಗೆ ತಲೆ ಎತ್ತಲಾಗಲಿಲ್ಲ.

"ನಮ್ಮ ಕಡೆ ಆಮೆಗೂ ಬರ್ತದಾ?" ಆಯಿಯ ಪ್ರಶ್ನೆಯನ್ನು ನಾನು ಆಸ್ಪತ್ರೆಯವರಿಗೆ ಇಂಗ್ಲಿಷಿನಲ್ಲಿ ಕೇಳಿದೆ. ಬರುತ್ತದಂತೆ. ಕಾಸರಕೋಡಿಗೆ ಬರುವ ಆಲಿವ್ ರಿಡ್ಲೆ ಜಾತಿಯ ಆಮೆಯಲ್ಲೂ ಈ ರೋಗ ಕಂಡಿದೆ.

ಹೊರಗಿನ ಗಡ್ಡೆಯನ್ನು ಲೇಸರ್‌ನಿಂದ ತೆಗೆಯುತ್ತಾರೆ. ಮತ್ತೆ ಬೆಳೆಯುತ್ತದೋ ಎಂದು ತಿಂಗಳುಗಟ್ಟಲೆ ನೋಡಿ, ಆಮೇಲೆ ಕಡಲಿಗೆ. ಆದರೆ ಶ್ವಾಸಕೋಶದಲ್ಲೋ ಮೂತ್ರಪಿಂಡದಲ್ಲೋ ಗಡ್ಡೆ ಇದ್ದರೆ ಮಾಡುವಂಥದ್ದು ಏನೂ ಇಲ್ಲ. ಔಷಧಿ ಕೊಟ್ಟು ನೋವಿಲ್ಲದ ಸಾವು ಕೊಡುತ್ತಾರೆ. ಈ ಆಮೆಯ ಒಳಗಿನ ಪರೀಕ್ಷೆ ಇನ್ನೂ ಆಗಿರಲಿಲ್ಲ.

ಕೀ ವೆಸ್ಟ್‌ನಲ್ಲಿ ಸೂರ್ಯ ಮುಳುಗುವುದನ್ನು ಆಯಿ ಸರಿಯಾಗಿ ನೋಡಲೇ ಇಲ್ಲ. ಮೂರು ದಿನ "ಫೋನ್ ಮಾಡಿದ್ಯಾ?" ಎಂದು ಅದನ್ನೇ ಕೇಳಿದಳು. ನಾಲ್ಕನೇ ದಿನ ಮಾಡಿದೆ. ಒಳಗೆ ಗಡ್ಡೆ ಇಲ್ಲ, ಮೊದಲು ಎಡಗಣ್ಣಿಂದು ತೆಗೆಯುತ್ತೇವೆ ಎಂದರು. ಆಯಿ ಅಡುಗೆಮನೆಯಲ್ಲೇ ಕೈ ಮುಗಿದಳು.