ಹಳೇ ಮನೆ ರಿಪೇರಿ: ಒರಲೆ, ಕುಟ್ಟೆ, ಕುಂಬು, ಎಲ್ಲಿಗೆ ಬಂತು ಕೆಲ್ಸ

ತೀರ್ಥಹಳ್ಳಿ ಕಡೆ ನಮ್ಮ ಹೆಂಚಿನ ಮನೇದು, ಮಳೆ ಬಿಟ್ಮೇಲೆ ಕೆಲ್ಸ ಮತ್ತೆ ಶುರು ಆಗಿದೆ. ಬಂದವ್ರೆಲ್ಲ "ಒರಲೆ (ಗೆದ್ದಲು) ಹಿಡ್ದಿದೆ, ಔಷಧಿ ಹೊಡ್ಸಿ" ಅಂತಾರೆ ಆದ್ರೆ ನಾವು ಮೊದ್ಲು ಕೈ ಹಾಕಿದ್ದು ಹೆಂಚಿಗೆ, ಯಾಕಂದ್ರೆ ಒಡ್ದ ಹೆಂಚಿಂದ ಪಕಾಸಿ (ಮಾಡಿನ ಇಳಿಜಾರು ಮರ) ಮೇಲೆ ನೀರು ಇಳೀತಾ ಇದ್ರೆ ಯಾವ ಔಷಧಿ ಹೊಡ್ಸಿದ್ರೂ ದಂಡ. ಮರದಲ್ಲಿ ನೀರಿನಂಶ 20 ಪರ್ಸೆಂಟ್ ಒಳಗೆ ಇದ್ರೆ ಕುಂಬು, ಅಂದ್ರೆ ಮರ ಕೊಳೆಯೋ ರೋಗ, ಹಿಡಿಯಲ್ಲ, ಅಷ್ಟೇ ಲೆಕ್ಕ.

ಜಗಲಿ ಮೂಲೆ ಕಂಬ ನೋಡಿದ್ರೆ ಪೇಂಟ್ ಎಲ್ಲ ನೀಟಾಗಿತ್ತು, ಸ್ಕ್ರೂಡ್ರೈವರ್ ಹಿಡೀಲಿ ತಟ್ಟಿದ್ರೆ ಮಾತ್ರ ಡಬ್ ಡಬ್ ಅಂತ ಪೊಳ್ಳು ಸದ್ದು. ತುದೀಲಿ ಒತ್ತಿದೆ, ಸೀದಾ ಒಳಗೆ ಹೋಯ್ತು! ಒಳಗೆ ಮೆತ್ತಗಿರೋ ಭಾಗ ಎಲ್ಲ ತಿಂದು ಮಣ್ಣು ತುಂಬಿಟ್ಟಿದೆ, ಗಟ್ಟಿ ಪದರ ಮಾತ್ರ ಹಾಳೆ ಹಾಳೆಯಾಗಿ ನಿಂತಿದೆ. ಹಿಂದಿನವ್ರು ಕಂಬದ ಬುಡಕ್ಕೆ ಕಲ್ಲು ಇಟ್ಟೇ ನಿಲ್ಸಿದ್ರು, ಆಮೇಲೆ ಯಾವಾಗ್ಲೋ ಸಿಮೆಂಟ್ ನೆಲ ಮಾಡುವಾಗ ಎತ್ತರ ಮಾಡಿ ಆ ಕಲ್ಲನ್ನೇ ಮುಚ್ಚಿದಾರೆ. ಒರಲೆಗೆ ಹೆದ್ದಾರಿ ಮಾಡ್ಕೊಟ್ಟಂಗೆ. ಮರಗೆಲ್ಸದ ಆಚಾರ್ರು ತೊಲೆಗೆ ಜಾಕಿ ಕೊಟ್ಟು ಹಾಳಾದಷ್ಟು ಕೊಯ್ದು ತೆಗ್ದ್ರು, ಅಲ್ಲಿಗೆ ಹೊನ್ನೆ ಮರದ ತುಂಡು ಹಾಕಣ ಅಂದೆ, "ಕಲ್ಲೇ ಇರ್ಲಿ, ಒರಲೆ ಕಲ್ಲು ತಿಂತದಾ ಮಾರಾಯ್ರೆ" ಅಂದ್ರು. ಸರಿ ಅನ್ಸ್ತು. ಕಲ್ಲಿನ ಮೇಲೂ ಮಣ್ಣಿನ ಗೆರೆ ಕಟ್ಕೊಂಡು ಹತ್ತತ್ತೆ ನಿಜ, ಆದ್ರೆ ಕಣ್ಣಿಗೆ ಕಾಣತ್ತಲ್ಲ, ಕೆರ್ದು ಹಾಕ್ಬೋದು.

ಗೋಡೆ ಬುಡಕ್ಕೆ ಔಷಧಿ ಆಯ್ತು. ನೆಲ ಗೋಡೆ ಸೇರೋ ಜಾಗದಲ್ಲಿ 30 ಸೆಂಟಿಮೀಟರಿಗೊಂದು 12 ಎಂಎಂ ತೂತು, ಹೀರಿದಷ್ಟು ಬಿಡೋದು, ಒಂದಕ್ಕೆ 1 ಲೀಟರ್ ಮೀರಬಾರ್ದು. ಬಾವಿ ಪಕ್ಕದ ಗೋಡೆ ಬಿಟ್ವಿ, ಅದೇ ನೀರು ಕುಡಿಯೋದು.

ಅಟ್ಟದ್ದು ಬೇರೆ ಕಥೆ, ಅಲ್ಲಿರೋದು ಕುಟ್ಟೆ, ಅಂದ್ರೆ ಮರ ಕೊರೆಯೋ ಹುಳ, ಮುಚ್ಚಿಗೆ (ಮರದ ಹಲಗೆ ಚಾವಣಿ) ಕೆಳಗೆ ಬೆಳಿಗ್ಗೆ ಹಿಟ್ಟಿನ ತರ ಪುಡಿ ಬಿದ್ದಿರತ್ತೆ. ಚೇಗು (ಮರದ ಒಳಗಿನ ಗಟ್ಟಿ ತಿರುಳು) ಮುಟ್ಟಿಲ್ಲ, ಹೊರಗಿನ ಬಿಳಿ ಭಾಗ ಮಾತ್ರ ತಿಂದಿದೆ. ಹಳೇ ವಾರ್ನಿಶ್ ಉಜ್ಜಿ ತೆಗ್ದು ಬೊರಾಕ್ಸ್, ಬೋರಿಕ್ ಆಸಿಡ್ ಬಿಸಿನೀರಲ್ಲಿ ಕರಗ್ಸಿ ಬ್ರಷ್ ಹೊಡೀತಿದೀನಿ, ವಾರ್ನಿಶ್ ಇದ್ರೆ ಹೀರಲ್ಲ. ಇದು ಮಳೆಗೆ ತೊಳ್ದು ಹೋಗತ್ತೆ, ಹಾಗಾಗಿ ಹೊರಗಿನ ರೀಪಿಗೆ (ಹೆಂಚು ಕೂರೋ ಮರದ ಪಟ್ಟಿ) ಗೇರೆಣ್ಣೆ, ಗೇರು ಬೀಜದ ಸಿಪ್ಪೆಯಿಂದ ತೆಗ್ಯೋ ಎಣ್ಣೆ. ಗ್ಲೌಸ್ ಇಲ್ದೆ ಮುಟ್ಟಬೇಡಿ, ಚರ್ಮ ಸುಟ್ಟು ಬೊಬ್ಬೆ ಬರತ್ತೆ.

ಬಚ್ಚಲ ಕಡೆ ತೊಲೆ ಬಾಕಿ ಇದೆ, ಅದು ಇನ್ನೂ ಒಣಗ್ಲಿಲ್ಲ. ಆಚಾರ್ರು ಅಡಿಕೆ ಕೊಯ್ಲು ಮುಗಿಯೋವರೆಗೆ ಸಿಗಲ್ಲ ಅಂದಿದಾರೆ.