ಗಂಟೆ ಹೊಡೆದರೆ ಶತ್ರು ಬಂದ ಹಾಗೆ

ಇಂಗ್ಲೆಂಡಿನ ರೆಡಿಂಗ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. 2014ರಲ್ಲಿ ಅವರಿಗೆ 81 ವರ್ಷ. ಭಾನುವಾರ ಊಟ ಆದ ಮೇಲೆ ಅವರ ಮನೆಗೆ ಹೋಗಿ, ಇಬ್ಬರೂ ಕೂತು ಹಳೆಯ ಸಿನಿಮಾ ನೋಡುವುದು ರೂಢಿಯಾಗಿತ್ತು. ಹಾಗೆ ನೋಡಿದವುಗಳಲ್ಲಿ ನನ್ನನ್ನು ಇವತ್ತಿಗೂ ಬಿಡದೆ ಕಾಡುವುದು ‘ವೆಂಟ್ ದ ಡೇ ವೆಲ್?’ ಎಂಬ ಕಪ್ಪು ಬಿಳುಪು ಚಿತ್ರ.

ಅದು 1942ರದ್ದು, ಎರಡನೇ ಮಹಾಯುದ್ಧದ ಕಾಲದ್ದು. ಈಲಿಂಗ್ ಸ್ಟುಡಿಯೋದವರು ತೆಗೆದದ್ದು. ಮೂಲ ಕತೆ ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಅವರದು. ನಿರ್ದೇಶಕ ಕವಾಲ್ಕಾಂತಿ ಬ್ರೆಜಿಲ್‌ನವರು. ಹೊರಗಿನಿಂದ ಬಂದವರಿಗೆ ಇಂಗ್ಲೆಂಡಿನ ಹಳ್ಳಿ ಇಷ್ಟು ಚೆನ್ನಾಗಿ ಕಂಡಿತಲ್ಲ ಅಂತ ನನಗೆ ಆಶ್ಚರ್ಯ.

ಬ್ರಾಮ್ಲಿ ಎಂಡ್ ಎಂಬ ಸಣ್ಣ ಊರಿಗೆ ಲಾರಿಗಳಲ್ಲಿ ಸೈನಿಕರು ಬರುತ್ತಾರೆ. ಮೈಮೇಲೆ ಬ್ರಿಟಿಷ್ ಸಮವಸ್ತ್ರ, ಬಾಯಲ್ಲಿ ಒಳ್ಳೆಯ ಇಂಗ್ಲಿಷ್. ಊರಿನವರು ಟೀ ಕೊಟ್ಟು, ಮನೆಯಲ್ಲಿ ಜಾಗ ಕೊಡುತ್ತಾರೆ. ಆದರೆ ಬಂದವರು ಜರ್ಮನ್ನರು. ಗುಟ್ಟು ಬಯಲಾಗುವುದು ಬಹಳ ಚಿಕ್ಕ ವಿಷಯಗಳಿಂದ. ಇಸ್ಪೀಟಿನ ಲೆಕ್ಕ ಬರೆದ ಕಾಗದದಲ್ಲಿ ಯೂರೋಪಿನವರ ಹಾಗೆ ಅಡ್ಡಗೆರೆ ಎಳೆದ 7. ಆಮೇಲೆ ವಿಯೆನ್ನಾದ ಒಂದು ಚಾಕೊಲೇಟ್. ಊರಿಗೆಲ್ಲ ಬೇಕಾದ ದೊಡ್ಡ ಮನುಷ್ಯನೇ ಶತ್ರುಗಳ ಕಡೆಯವನು ಅಂತ ನಮಗೆ ಬೇಗನೆ ಗೊತ್ತಾಗುತ್ತದೆ. ಊರಿನವರು ಅವನನ್ನೇ ನಂಬಿಕೊಂಡಿರುತ್ತಾರೆ.

ಅಲ್ಲಿಂದ ಮುಂದೆ ಇಡೀ ಸಿನಿಮಾ ಒಂದೇ ಒಂದು ಸುದ್ದಿಯನ್ನು ಊರಿನ ಆಚೆಗೆ ಮುಟ್ಟಿಸುವ ಪಾಡು. ಮೊಟ್ಟೆಯ ಮೇಲೆ ಬರೆದು ಪೇಪರ್ ಹಂಚುವ ಹುಡುಗನ ಕೈಗೆ ಕೊಡುತ್ತಾರೆ. ಒಂದು ಕಾರು ಬಂದು ಆ ಮೊಟ್ಟೆಗಳು ಒಡೆದು ಹೋಗುತ್ತವೆ. ಅದೇ ಕಾರಿನ ಹೆಂಗಸಿನ ಜೇಬಿಗೆ ಚೀಟಿ ಸೇರಿಸುತ್ತಾರೆ. ಅವಳು ಏನೋ ಕಾಗದ ಅಂತ ಅದನ್ನು ಮಡಚಿ ಅಲುಗಾಡುವ ಕಿಟಕಿಗೆ ಸಿಕ್ಕಿಸುತ್ತಾಳೆ. ಕೊನೆಗೆ ನಾಯಿ ಅದನ್ನು ಹರಿದು ಹಾಕುತ್ತದೆ. ಪಾದ್ರಿ ಚರ್ಚಿನ ಗಂಟೆ ಹೊಡೆಯುತ್ತಾರೆ. ಜರ್ಮನ್ನರು ಅವರನ್ನು ಅಲ್ಲೇ ಗುಂಡು ಹಾಕಿ ಕೊಲ್ಲುತ್ತಾರೆ.

ನಾನು ಎದೆ ಹಿಡಿದುಕೊಂಡು ನೋಡಿದ್ದು ಅಂಚೆ ಕಚೇರಿಯ ಮಿಸೆಸ್ ಕಾಲಿನ್ಸ್ ಇರುವ ಭಾಗ. ವಯಸ್ಸಾದ, ದುಂಡನೆಯ, ಎಲ್ಲರ ಜೊತೆ ಹರಟುವ ಹೆಂಗಸು. ಮನೆಯಲ್ಲಿ ಕಾವಲಿಗೆ ಕೂತ ಜರ್ಮನ್ ಸೈನಿಕನಿಗೆ ಅವಳೇ ಊಟ ಬಡಿಸುತ್ತಾಳೆ. ಮಾತು ತನಗೆ ಮಕ್ಕಳಾಗಲಿಲ್ಲ ಎಂಬಲ್ಲಿಗೆ ಬರುತ್ತದೆ. ಇದ್ದಕ್ಕಿದ್ದ ಹಾಗೆ ಅವನ ಕಣ್ಣಿಗೆ ಮೆಣಸಿನ ಪುಡಿ ಎರಚಿ, ಕೊಡಲಿ ಎತ್ತಿ ಹೊಡೆಯುತ್ತಾಳೆ. ಮೈಯೆಲ್ಲ ನಡುಗುತ್ತಿದ್ದರೂ ಓಡಿ ಹೋಗಿ ಟೆಲಿಫೋನ್ ಹಿಡಿಯುತ್ತಾಳೆ. ಆ ಕಡೆ ಕರೆ ಜೋಡಿಸಿಕೊಡುವ ಎಕ್ಸ್‌ಚೇಂಜಿನಲ್ಲಿ ಹುಡುಗಿಯರು ಹರಟೆಯಲ್ಲಿದ್ದಾರೆ. ಆ ಊರಿನದು ತಾನೇ, ಸ್ವಲ್ಪ ಕಾಯಲಿ ಎನ್ನುವ ಹಾಗೆ ಬಿಡುತ್ತಾರೆ. ಅಷ್ಟರಲ್ಲಿ ಇನ್ನೊಬ್ಬ ಸೈನಿಕ ಒಳಗೆ ಬರುತ್ತಾನೆ, ಅವನ ಕೈಯಲ್ಲಿ ಬಯೊನೆಟ್. ಹುಡುಗಿ ಕಡೆಗೂ ಹಲೋ ಎಂದಾಗ ಉತ್ತರ ಕೊಡಲು ಮಿಸೆಸ್ ಕಾಲಿನ್ಸ್ ಇಲ್ಲ.

ನನಗೆ ಸಿಟ್ಟು ಬಂತು. “ಎಂಥ ಹುಡುಗಿಯರು ಇವರು!” ಅಂದೆ. ಅಜ್ಜಿ ಟಿವಿಯಿಂದ ಕಣ್ಣು ತೆಗೆಯಲಿಲ್ಲ. “ಅವರನ್ನು ಬೈಯಬೇಡ. ಗೊತ್ತಿದ್ದಿದ್ದರೆ ತೆಗೆಯುತ್ತಿದ್ದರು” ಅಂದರು.

ಚಿತ್ರ ತೆಗೆದ ಹಳ್ಳಿ ನಿಜವಾಗಿಯೂ ಇದೆ, ಬಕಿಂಗ್‌ಹ್ಯಾಮ್‌ಶೈರ್‌ನ ಟರ್ವಿಲ್. ಹೆನ್ಲಿ ದಾಟಿ ಚಿಲ್ಟರ್ನ್ ಗುಡ್ಡಗಳ ಕಡೆ ತಿರುಗಿದರೆ ನಮ್ಮ ಮನೆಯಿಂದ ದೂರವೇನಲ್ಲ. ಮೇ ಕೊನೆಯ ಒಂದು ಭಾನುವಾರ ಅಜ್ಜಿಯನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಸಿನಿಮಾದಲ್ಲಿ ಆ ಘಟನೆ ನಡೆಯುವುದೂ ಮೇ ತಿಂಗಳ ಹಬ್ಬದ ರಜೆಯಲ್ಲೇ. ಒಂದು ರಸ್ತೆ, ಎರಡೂ ಕಡೆ ಇಟ್ಟಿಗೆ ಮತ್ತು ಚಕಮಕಿ ಕಲ್ಲಿನ ಮನೆಗಳು, ಒಂದು ಪಬ್, ಮೇಲೆ ಗುಡ್ಡದಲ್ಲಿ ಬಿಳಿಯ ಗಾಳಿಗಿರಣಿ. ಇಷ್ಟು ವರ್ಷ ಆದರೂ ಜಾಗ ಗುರುತು ಸಿಗುತ್ತದೆ.

ಚಿತ್ರ ಶುರುವಾಗುವುದು ಅಲ್ಲಿನ ಚರ್ಚಿನ ಅಂಗಳದಲ್ಲಿ. ಊರಿನ ಒಬ್ಬ ಮನುಷ್ಯ ನಮ್ಮ ಕಡೆ ತಿರುಗಿ, ಜರ್ಮನ್ ಹೆಸರುಗಳಿರುವ ಸಮಾಧಿ ತೋರಿಸಿ, ಇಂಗ್ಲೆಂಡಿನಲ್ಲಿ ಅವರಿಗೆ ಸಿಕ್ಕ ನೆಲ ಇಷ್ಟೇ ಎನ್ನುತ್ತಾನೆ. ಯುದ್ಧ ಮುಗಿದು ತಾವು ಗೆದ್ದಾಗಿದೆ ಎನ್ನುವ ಧಾಟಿ. 1942ರಲ್ಲಿ! ಇನ್ನೂ ಮೂರು ವರ್ಷ ಯುದ್ಧ ಬಾಕಿ ಇತ್ತು. ಆ ಸಮಾಧಿ ಅಲ್ಲಿಲ್ಲ, ಅದು ಸಿನಿಮಾಕ್ಕೆಂದು ಮಾಡಿದ್ದು. ನಾವು ಬೆಂಚಿನ ಮೇಲೆ ಸುಮ್ನೆ ಕೂತೆವು.

ಆಗ ಗಂಟೆ ಹೊಡೆಯಿತು. ಅಜ್ಜಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡರು. ಬಿಡಲಿಲ್ಲ.

ಆಮೇಲೆ ಹೇಳಿದರು. ಬಾಂಬಿನ ಭಯಕ್ಕೆ ಲಂಡನ್ನಿನಿಂದ ಹಳ್ಳಿಗೆ ಕಳಿಸಿದ ಮಕ್ಕಳಲ್ಲಿ ಅವರೂ ಅವರ ತಮ್ಮನೂ ಇದ್ದರು. 1940ರ ಜೂನ್‌ನಿಂದ ದೇಶದಲ್ಲಿ ಚರ್ಚಿನ ಗಂಟೆ ಹೊಡೆಯುವ ಹಾಗಿರಲಿಲ್ಲ. ಶತ್ರು ಬಂದಿಳಿದರೆ ಮಾತ್ರ ಹೊಡೆಯಬೇಕು. “ನಮಗೆ ಅದನ್ನು ಪಾಠದ ಹಾಗೆ ಹೇಳಿಕೊಟ್ಟಿದ್ದರು. ಗಂಟೆ ಕೇಳಿದರೆ ಜರ್ಮನ್ನರು ಬಂದರು ಅಂತ.”

1942ರ ನವೆಂಬರ್ 15, ಭಾನುವಾರ. ಈಜಿಪ್ಟಿನ ಎಲ್ ಅಲಮೇನ್‌ನ ಯುದ್ಧದಲ್ಲಿ ಬ್ರಿಟನ್ ಕಡೆಯವರು ಗೆದ್ದರು ಅಂತ ಎಲ್ಲ ಕಡೆ ಗಂಟೆ ಹೊಡೆಯಲು ಸರ್ಕಾರ ಹೇಳಿತ್ತು. ನಮ್ಮ ನಾಲ್ಕನೇ ಇಂಡಿಯನ್ ಡಿವಿಷನ್ ಕೂಡ ಹೋರಾಡಿದ ಯುದ್ಧ ಅದು. ದೊಡ್ಡವರಿಗೆಲ್ಲ ವಿಷಯ ಗೊತ್ತಿತ್ತು. ಒಂಬತ್ತು ವರ್ಷದ ಈ ಹುಡುಗಿಗೆ ಯಾರೂ ಹೇಳಿರಲಿಲ್ಲ.

ಅವರು ತಮ್ಮನ ಕೈ ಹಿಡಿದು ಹಿತ್ತಲಿಗೆ ಓಡಿ ಕೋಳಿ ಗೂಡಿನೊಳಗೆ ಕೂತರಂತೆ. ಅವನು ಅಳದ ಹಾಗೆ ಬಾಯಿಗೆ ಕೈ ಅಡ್ಡ ಇಟ್ಟರಂತೆ. ತುಂಬ ಹೊತ್ತಾದ ಮೇಲೆ ಸಾಕುತ್ತಿದ್ದ ಮನೆಯಾಕೆ ಹುಡುಕಿಕೊಂಡು ಬಂದು ಬಾಗಿಲು ತೆಗೆದರು. ವಿಷಯ ಏನು ಅಂತ ತಿಳಿದ ಮೇಲೆ, ಅಲ್ಲೇ ಕೆಸರಿನಲ್ಲಿ ಕೂತು ಇಬ್ಬರನ್ನೂ ಎಳೆದು ಅಪ್ಪಿಕೊಂಡರು.

“ನಿಂಗೆ ಹೇಳೋದೇ ಮರೆತೆನಲ್ಲ, ಮಗಳೇ” ಅಂತ ಒಂದೇ ಸಮನೆ ಹೇಳುತ್ತಿದ್ದರಂತೆ. ಆಗಲೂ ಆಚೆ ಊರಿನ ಗಂಟೆ ನಿಂತಿರಲಿಲ್ಲ.