ಚೆನ್ನೆಮಣೆ ಕೆಲಸ: ಕ್ಯಾಡ್‌ನ ‘ಮೇಲೆ’, ಮೆಷಿನಿನ ‘ಮೇಲೆ’

ಜೂನ್ 22

ತುಳುನಾಡಿನ ಮಳೆಗಾಲದ ಆಟಿ ತಿಂಗಳು ಬರುವುದರೊಳಗೆ ಅಮ್ಮನಿಗೊಂದು ಚೆನ್ನೆಮಣೆ, ಅಂದರೆ ಗುಳಿಗಳಲ್ಲಿ ಕಾಯಿ ಹಾಕಿ ಆಡುವ ಮರದ ಮಣೆ, ಮಾಡಿಕೊಡಬೇಕು. ಅಜ್ಜಿ ಆಡುತ್ತಿದ್ದ ಹಳೇ ಮಣೆಗೆ ಗೆದ್ದಲು ಹಿಡಿದು ಒಂದು ಬದಿ ಪೂರ್ತಿ ಹೋಗಿದೆ. ನಮ್ಮ ಮನೆ ಬದಿಯಡ್ಕದ ಹತ್ತಿರ. ಅಡಿಕೆ ಒಣಗಿಸುವ ಅಂಗಳದ ಪಕ್ಕದ ಕೊಟ್ಟಿಗೆಯಲ್ಲಿ ಒಂದು ಸಣ್ಣ ಸಿಎನ್‌ಸಿ ರೂಟರ್ ಇಟ್ಟುಕೊಂಡಿದ್ದೇನೆ, ಕಂಪ್ಯೂಟರ್ ಹೇಳಿದ ಹಾಗೆ ತಿರುಗುವ ಉಳಿಯಿಂದ ಮರ ಕೊರೆಯುವ ಮೆಷಿನ್. 3018 ಅನ್ನುತ್ತಾರಲ್ಲ, ಅದು. ಅದರ ಮೇಲೆ 300 ಮಿ.ಮೀ. ಉದ್ದ, 180 ಮಿ.ಮೀ. ಅಗಲದ ಕೆಲಸ ಹಿಡಿಸುತ್ತದೆ. ಝಡ್ ಓಡಾಟ, ಅಂದರೆ ಉಳಿ ಮೇಲೆಕೆಳಗೆ ಸರಿಯುವುದು, 45 ಮಿ.ಮೀ. ಮಾತ್ರ.

ಅಳತೆ ಹೀಗೆ: ಮಣೆ 280 ಉದ್ದ, 110 ಅಗಲ, 30 ದಪ್ಪ. ಸಾಲಿಗೆ 7ರಂತೆ 14 ಗುಳಿ. ಮೊದಲ ಗುಳಿಯ ನಡು ಅಂಚಿನಿಂದ 26 ಮಿ.ಮೀ., ಆಮೇಲೆ ಪ್ರತಿ 38ಕ್ಕೆ ಒಂದು. ಗುಳಿಯ ಬಾಯಿ 34, ಆಳ 12. ಅದಕ್ಕೆ 18 ಮಿ.ಮೀ. ತ್ರಿಜ್ಯದ ಗೋಲದ ಒಂದು ತುಂಡು ಸರಿಯಾಗಿ ಕೂರುತ್ತದೆ. ಮುಂದಿನ ಅಂಚಿನ ಎಡಮೂಲೆಯಲ್ಲಿ ‘ಆಟಿ’ ಅಂತ ಎರಡಕ್ಷರ. ಬೆಂಗಳೂರಿನಲ್ಲಿರುವ ತಮ್ಮ ಸಾಲಿಡ್‌ವರ್ಕ್ಸ್ ಅನ್ನುವ ಕ್ಯಾಡ್ (ಕಂಪ್ಯೂಟರಿನಲ್ಲಿ ವಸ್ತುವಿನ ಮಾದರಿ ಬಿಡಿಸುವ) ತಂತ್ರಾಂಶದಲ್ಲಿ ಬಿಡಿಸಿ ಎಸ್‌ಟಿಎಲ್ ಕಳಿಸಿದ್ದಾನೆ, ವಸ್ತುವಿನ ಮೈಯನ್ನು ಸಣ್ಣ ತ್ರಿಕೋನಗಳಾಗಿ ಬರೆದಿಡುವ ಫೈಲ್ ಅದು.

ಜೂನ್ 25

ಫೈಲನ್ನು ಫ್ರೀಕ್ಯಾಡ್ ಅನ್ನುವ ಇನ್ನೊಂದು ಕ್ಯಾಡ್ ತಂತ್ರಾಂಶದಲ್ಲಿ ತೆರೆದು, ಮೇಲಿನಿಂದ ನೋಡೋಣ ಅಂತ 2 ಒತ್ತಿದೆ. ಬರೀ 280 ಉದ್ದ, 30 ಅಗಲದ ಪಟ್ಟಿ ಕಾಣಿಸಿತು. ಗುಳಿಗಳೇ ಇಲ್ಲ! ತಿರುಗಿಸಿ ನೋಡಿದರೆ ಮಣೆ ಅಂಚಿನ ಮೇಲೆ ನೆಟ್ಟಗೆ ನಿಂತಿದೆ, ಗುಳಿಗಳೆಲ್ಲ ಹಿಂದಕ್ಕೆ ಮುಖ ಮಾಡಿವೆ. ಹೀಗೇ ಕೊಟ್ಟರೆ ಎತ್ತರ 110 ಆಗುತ್ತದೆ, ನನ್ನ ಮೆಷಿನ್ ಅಷ್ಟು ಏರುವುದೇ ಇಲ್ಲ.

ಇದರಲ್ಲಿ ತಮ್ಮನದೂ ತಪ್ಪಿಲ್ಲ, ತಂತ್ರಾಂಶದ್ದೂ ತಪ್ಪಿಲ್ಲ. ಸಾಲಿಡ್‌ವರ್ಕ್ಸ್‌ನಲ್ಲಿ ಮೇಲಕ್ಕೆ ಹೋಗುವುದು ವೈ. ಅಲ್ಲಿನ ‘ಟಾಪ್ ಪ್ಲೇನ್’ ಅಂದರೆ ಎಕ್ಸ್ ಮತ್ತು ಝಡ್ ಸೇರಿದ ತಳ. ಫ್ರೀಕ್ಯಾಡ್‌ನಲ್ಲಿ ಮೇಲಕ್ಕೆ ಹೋಗುವುದು ಝಡ್. ಮೆಷಿನಿನಲ್ಲಂತೂ ಆಯ್ಕೆಯೇ ಇಲ್ಲ. ಸ್ಪಿಂಡಲ್, ಅಂದರೆ ಉಳಿ ಹಿಡಿದು ತಿರುಗಿಸುವ ಭಾಗ, ಯಾವ ದಿಕ್ಕಿಗಿದೆಯೋ ಅದೇ ಝಡ್, ಉಳಿ ಮರದಿಂದ ದೂರ ಸರಿದರೆ ಪ್ಲಸ್. ಐಎಸ್‌ಒ 841 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಹೇಳುವುದೂ ಇದನ್ನೇ. ಅಂದರೆ ‘ಟಾಪ್’, ‘ಫ್ರಂಟ್’ ಅನ್ನುವ ಹೆಸರನ್ನು ನಂಬಿ ಕೂರುವ ಹಾಗಿಲ್ಲ. ಮೂಲೆಯಲ್ಲಿ ಕಾಣುವ ಮೂರು ಬಣ್ಣದ ಬಾಣಗಳನ್ನೇ ನೋಡಬೇಕು.

ಎಕ್ಸ್ ಸುತ್ತ ಪ್ಲಸ್ 90 ಡಿಗ್ರಿ ತಿರುಗಿಸಿದೆ. ಗುಳಿಗಳು ಮೇಲೆ ಬಂದವು. ಆದರೆ ಈಗ ವೈ ಅಳತೆ ಮೈನಸ್ 110ರಿಂದ 0. ಮಣೆ ಪೂರ್ತಿ ಸೊನ್ನೆಯ ಮೈನಸ್ ಬದಿಗೆ ಹೋಗಿದೆ. ಇದು ನನಗೆ ಹಿಡಿಸಲಿಲ್ಲ.

ಜೂನ್ 28

ಇಲ್ಲೇ ನಾನು ಎಡವಿದ್ದು. ತಿರುಗಿಸುವುದು, ಆಮೇಲೆ ಸರಿಸುವುದು, ಇದೆಲ್ಲ ಯಾಕೆ ಅಂತ ಪೈಥಾನ್ ಭಾಷೆಯಲ್ಲಿ ನಾಲ್ಕು ಸಾಲಿನ ಪ್ರೋಗ್ರಾಂ ಬರೆದೆ. ಪ್ರತಿ ಬಿಂದುವಿನ ವೈ ಮತ್ತು ಝಡ್ ಅದಲುಬದಲು ಮಾಡಿದರೆ ಆಯಿತಲ್ವಾ? ಹಾಗೇ ಮಾಡಿದೆ. ಮಣೆ ಮಲಗಿತು, ಗುಳಿ ಮೇಲೆ ಬಂತು, ಅಳತೆಯೆಲ್ಲ ಪ್ಲಸ್‌ನಲ್ಲಿ, 0ರಿಂದ 110. ತುಂಬಾ ಚಂದ ಕಂಡಿತು. ಮಾದರಿಯ ಮೈ ಮಾತ್ರ ಯಾಕೋ ಕಪ್ಪಾಗಿ ಕಾಣುತ್ತಿತ್ತು. ಬೆಳಕಿನ ಸೆಟ್ಟಿಂಗ್ ಇರಬೇಕು ಅಂದುಕೊಂಡೆ.

ಒಳ್ಳೆ ಮರ ಹಾಳಾಗಬಾರದಲ್ಲ, ಅದಕ್ಕೆ ಅದೇ ಅಳತೆಯ ರಬ್ಬರ್ ಮರದ ಹಲಗೆ ಕಟ್ಟಿ, ಮೂಲೆಯ ಒಂದು ಗುಳಿ ಮತ್ತು ಅಕ್ಷರ ಮಾತ್ರ ಕೊರೆಯಲು ಬಿಟ್ಟೆ. ನಾನು ಬಳಸಿದ ಸಣ್ಣ ಕ್ಯಾಮ್ (ಮಾದರಿ ನೋಡಿ ಉಳಿ ಓಡುವ ದಾರಿ ಬರೆಯುವ) ತಂತ್ರಾಂಶ ಎತ್ತರ ಎಷ್ಟು ಅಂತ ಮಾತ್ರ ನೋಡುತ್ತದೆ, ಏನೂ ತಕರಾರು ಮಾಡಲಿಲ್ಲ. ಗುಳಿ ನುಣ್ಣಗೆ ಬಂತು. ಅಕ್ಷರ ಮಾತ್ರ ನನ್ನ ಬದಿಯ ಅಂಚಿನಲ್ಲಿ ಬರಲಿಲ್ಲ, ಆಚೆ ಬದಿಯಲ್ಲಿ ಬಂತು. ಕೆರೆಯ ನೀರಿನಲ್ಲಿ ಕಂಡ ನೆರಳಿನ ಹಾಗೆ ತಲೆಕೆಳಗು. ಹಲಗೆಯನ್ನು ತಿರುಗಿಸಿ ಇಟ್ಟರೆ ಸರಿಹೋಗುತ್ತದೆ ಅಂತ ತಿರುಗಿಸಿದೆ. ಆಗಲೂ ಓದಲು ಬರುತ್ತಿಲ್ಲ.

ಚಾ ತಂದ ಅಮ್ಮ ಒಮ್ಮೆ ನೋಡಿ, “ಕನ್ನಡಿಲಿ ನೋಡಿದ ಹಾಂಗೆ ಇದ್ದನ್ನೆ” ಅಂದರು. ಟಿ ಅಕ್ಷರದ ಬಾಲ ಎಡಕ್ಕೆ ಸುತ್ತಿತ್ತು.

ಆ ಒಂದು ಮಾತಿಗೆ ಎಲ್ಲ ಬಿಡಿಸಿಕೊಂಡಿತು. ಹೇಗೆ ತಿರುಗಿಸಿದರೂ ಸರಿಯಾಗದಿದ್ದರೆ ಅದು ತಿರುಗಿದ್ದಲ್ಲ, ಪ್ರತಿಬಿಂಬ. ಬಲಗೈಯ ಹೆಬ್ಬೆರಳು ಎಕ್ಸ್, ತೋರುಬೆರಳು ವೈ, ನಡುಬೆರಳು ಝಡ್ ಅಂತ ಹಿಡಿದು ನೋಡಿ. ಕೈ ಎತ್ತ ತಿರುಗಿಸಿದರೂ ಅದು ಬಲಗೈಯೇ. ಆದರೆ ಎರಡು ಬೆರಳಿನ ಹೆಸರು ಮಾತ್ರ ಅದಲುಬದಲು ಮಾಡಿದರೆ ಅದಕ್ಕೆ ಹೊಂದುವುದು ಎಡಗೈ. ನಾನು ಮಾಡಿದ್ದು ಅದನ್ನೇ. ಎಕ್ಸ್, ವೈ, ಝಡ್ ಇದ್ದದ್ದು ಎಕ್ಸ್, ಮೈನಸ್ ಝಡ್, ವೈ ಆಗಬೇಕಿತ್ತು. ಆ ಮೈನಸ್ ಚಿಹ್ನೆಯನ್ನೇ ನಾನು ಕಸ ಅಂತ ಗುಡಿಸಿ ಹಾಕಿದ್ದೆ. ಮೈ ಕಪ್ಪಾಗಿ ಕಂಡದ್ದಕ್ಕೂ ಇದೇ ಕಾರಣ. ಎಸ್‌ಟಿಎಲ್‌ನಲ್ಲಿ ಪ್ರತಿ ತ್ರಿಕೋನದ ಹೊರಮೈ ಯಾವುದು ಅಂತ ಅದರ ಮೂರು ಮೂಲೆಗಳ ಕ್ರಮ ಹೇಳುತ್ತದೆ. ಪ್ರತಿಬಿಂಬವಾದರೆ ಆ ಕ್ರಮ ಉಲ್ಟಾ, ಒಳಗಿನದು ಹೊರಗೆ.

ನನಗೆ ಇವತ್ತಿಗೂ ಭಯ ಹುಟ್ಟಿಸುವುದು ಬೇರೆ. ಚೆನ್ನೆಮಣೆ ಎಡಬಲಕ್ಕೂ ಒಂದೇ, ಹಿಂದೆಮುಂದೆಗೂ ಒಂದೇ. ಆ ಎರಡಕ್ಷರ ಇಲ್ಲದಿದ್ದರೆ ಈ ತಪ್ಪು ಗೊತ್ತೇ ಆಗುತ್ತಿರಲಿಲ್ಲ. ಮುಂದಿನ ಸಲ ಬೇರೇನಾದರೂ ಕೊರೆಯುವಾಗ ಅದೇ ನಾಲ್ಕು ಸಾಲು ಬಳಸಿ ಒಳ್ಳೆ ಮರ ಕಳೆದುಕೊಳ್ಳುತ್ತಿದ್ದೆ.

ಜುಲೈ 3

ತಮ್ಮನಿಗೆ ಫೋನ್ ಮಾಡಿದೆ. ಈ ಸಲ ಎಸ್‌ಟಿಎಲ್ ಬೇಡ, ಸ್ಟೆಪ್ ಫೈಲ್ ಕಳಿಸು ಅಂದೆ. ಎಸ್‌ಟಿಎಲ್‌ನಲ್ಲಿ ಬರೀ ಅಂಕಿ ಇರುತ್ತದೆ, ಅದು ಮಿ.ಮೀ. ಅಥವಾ ಇಂಚು ಅಂತ ಬರೆದಿರುವುದಿಲ್ಲ. ಸ್ಟೆಪ್‌ನಲ್ಲಿ ಇರುತ್ತದೆ. ಮಣೆಯ ಮುಂದಿನ ಎಡಮೂಲೆಯ ಮೇಲ್ಮೈಯಲ್ಲಿ ಒಂದು ಹೊಸ ಕೋಆರ್ಡಿನೇಟ್ ಸಿಸ್ಟಮ್ ಇಟ್ಟು, ಝಡ್ ಮೇಲಕ್ಕೆ ಮಾಡಿ, ಎಕ್ಸ್‌ಪೋರ್ಟ್ ಮಾಡುವಾಗ ಅದನ್ನೇ ಆರಿಸಿಕೊ ಅಂತಲೂ ಹೇಳಿದೆ. ಅವನಿಗೆ ಐದು ನಿಮಿಷದ ಕೆಲಸ. ನನಗೆ ಬಂದ ಫೈಲ್ ತೆರೆದ ಕೂಡಲೇ ಮಲಗಿತ್ತು.

ಜುಲೈ 6

ಹಲಸಿನ ಹಲಗೆ ಬಂತು. ಪಕ್ಕದ ಮನೆಯ ಆಚಾರಿಯವರು ಕೀಸುಳಿ ಹಾಕಿ ಕೊಟ್ಟರು. ಮುಂದಿನ ಅಂಚು ಮತ್ತು ಎಡ ಅಂಚು ಮೊದಲು ನೇರ ಮಾಡಿ, ಎರಡೂ ಸೇರುವ ಮೂಲೆಗೆ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿದ್ದರು. “ಅಳತೆ ಎಲ್ಲ ಇಲ್ಲಿಂದಲೇ ತೆಗೆಯಿರಿ, ಆಚೆ ಬದಿಯಿಂದ ತೆಗೆಯಬೇಡಿ” ಅಂದರು. ನಾನು ಮೆಷಿನಿನಲ್ಲಿ ಜಿ54 (ಕೆಲಸದ ಅಳತೆ ಶುರುವಾಗುವ ಜಾಗ) ಅಂತ ಸೊನ್ನೆ ಇಡುವುದೂ ಇದೇ ಮೂಲೆಗೆ! ಮಾದರಿಯ ಸೊನ್ನೆ, ಕ್ಯಾಮ್‌ನ ಸೊನ್ನೆ, ಹಲಗೆಯ ಮೇಲಿನ ಪೆನ್ಸಿಲ್ ಗುರುತು, ಮೂರೂ ಒಂದೇ ಕಡೆ ಕೂತವು. ಎಷ್ಟು ಖುಷಿಯಾಯಿತು ಅಂದರೆ ಆ ಗುರುತನ್ನು ಉಜ್ಜಿ ತೆಗೆಯಲು ಮನಸ್ಸೇ ಬರಲಿಲ್ಲ.

ಸೊನ್ನೆ ಹುಡುಕುವಾಗ ಒಂದು ವಿಷಯ ಹೊಸಬರನ್ನು ಗಲಿಬಿಲಿ ಮಾಡುತ್ತದೆ. ಈ ಮೆಷಿನಿನಲ್ಲಿ ವೈ ದಿಕ್ಕಿಗೆ ಓಡುವುದು ಹಾಸು, ಉಳಿಯಲ್ಲ. ವೈ ಪ್ಲಸ್ ಒತ್ತಿದರೆ ಹಾಸು ನಮ್ಮ ಕಡೆಗೆ ಬರುತ್ತದೆ. ಅದು ಉಲ್ಟಾ ಅಲ್ಲ, ಸರಿಯೇ. ಮರದ ಮೇಲೆ ಕೂತ ಇರುವೆಯ ಕಣ್ಣಿನಿಂದ ನೋಡಿ, ಉಳಿ ಹಿಂದಕ್ಕೆ ಹೋದ ಹಾಗೇ ಕಾಣುತ್ತದೆ.

ಜುಲೈ 12

ಕೊರೆದಾಯಿತು. ಮೊದಲು ಜಿ-ಕೋಡ್, ಅಂದರೆ ಮೆಷಿನಿಗೆ ಕೊಡುವ ಆಜ್ಞೆಗಳ ಫೈಲ್, ತೆರೆದು ಝಡ್‌ನ ಅತಿ ಕೆಳಗಿನ ಅಂಕಿ ಹುಡುಕಿದೆ. ಮೈನಸ್ 12, ಅದಕ್ಕಿಂತ ಕೆಳಗೆ ಒಂದೂ ಇಲ್ಲ. ಆಮೇಲೆ ಉಳಿಯನ್ನು 20 ಮಿ.ಮೀ. ಮೇಲೆತ್ತಿ ಗಾಳಿಯಲ್ಲೇ ಒಂದು ಸುತ್ತು ಓಡಿಸಿ, ‘ಆಟಿ’ ಯಾವ ಮೂಲೆಗೆ ಹೋಗುತ್ತದೆ ಅಂತ ಕಣ್ಣಿಂದ ನೋಡಿದೆ. ಪೆನ್ಸಿಲ್ ಗುರುತಿನ ಪಕ್ಕಕ್ಕೇ ಬಂತು. 6 ಮಿ.ಮೀ. ಬಾಲ್ ನೋಸ್ (ತುದಿ ದುಂಡಗಿರುವ) ಉಳಿಯಲ್ಲಿ ಒಂದು ಗುಳಿಗೆ ಸುಮಾರು 20 ನಿಮಿಷ ಹಿಡಿಯಿತು. ಮಳೆಗೆ ಕರೆಂಟು ಹೋಗಿಬಂದು ಮಾಡಿದ್ದರಿಂದ ಎರಡು ದಿನವಾಯಿತು. ಹಲಸಿನ ಹಳದಿ ಪುಡಿ ಕೊಟ್ಟಿಗೆ ತುಂಬ.

ಅಮ್ಮ ಗುಳಿಗೆ 4ರಂತೆ 56 ಮಂಜೊಟ್ಟಿ ಕಾಯಿ ಹಾಕಿ ನೋಡಿದರು. ಗುಳಿಯಿಂದ ಬೆರಳಲ್ಲಿ ಬಾಚಿದರೆ ನಾಲ್ಕೂ ಒಟ್ಟಿಗೆ ಬರುತ್ತವೆ, ಒಂದೂ ತಳದಲ್ಲಿ ಸಿಕ್ಕಿಕೊಳ್ಳುವುದಿಲ್ಲ.

ಇನ್ನು ಉಳಿದದ್ದು ಅಡಿಮೈಯಲ್ಲಿ ಅಜ್ಜಿಯ ಹೆಸರು. ಹಲಗೆಯನ್ನು ಪುಸ್ತಕದ ಹಾಳೆ ಮಗುಚಿದ ಹಾಗೆ ಎಡದಿಂದ ಬಲಕ್ಕೆ ಮಗುಚುತ್ತೇನೆ. ಆಗ ಮುಂದಿನ ಅಂಚು ಮುಂದೆಯೇ ಇರುತ್ತದೆ, ಆಚಾರಿಯವರು ನೇರ ಮಾಡಿದ ಎಡ ಅಂಚು ಬಲಕ್ಕೆ ಬರುತ್ತದೆ. ಸೊನ್ನೆಯೂ ಬಲಮೂಲೆಗೆ, ಎಕ್ಸ್ ಮೈನಸ್ 280ರಿಂದ 0. ಈ ಸಲ ಆ ಮೈನಸ್‌ನ್ನು ಮುಟ್ಟುವುದಿಲ್ಲ. ಮೊದಲು ರಬ್ಬರ್ ಹಲಗೆಯ ಇನ್ನೊಂದು ಮೈಯಲ್ಲಿ ಹೆಸರು ಕೊರೆದು, ಅಮ್ಮನಿಂದ ಓದಿಸಿಯೇ ಹಲಸಿಗೆ ಕೈ ಹಾಕುತ್ತೇನೆ.